ಲೋಟ ತೊಳೆಯುವ ಮೊದಲು: ಮನೆಯವರೇ ಮಕ್ಕಳ ಊಟದಲ್ಲಿ ಏನೋ ಬೆರೆಸಿದ್ದಾರೆ ಎಂಬ ಅನುಮಾನ ಬಂದಾಗ

ಆ ಲೋಟಗಳನ್ನು ತೊಳೆದವಳು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕಳೆದ ವರ್ಷದ ಮೇ ರಜೆ. ನನ್ನ 15 ವರ್ಷದ ಮಗಳು ಮತ್ತು ನಾದಿನಿಯ 16 ವರ್ಷದ ಮಗ ಎರಡು ದಿನ ಇದ್ದು ಬರುತ್ತೇವೆ ಅಂತ ಮುಂಬೈಯ ಘಾಟ್‌ಕೋಪರ್‌ಗೆ ಹೋಗಿದ್ದರು. ಅಲ್ಲಿರುವುದು ನನ್ನ ಮೈದುನ. ಮಗಳಿಗೆ ಚಿಕ್ಕಪ್ಪ, ಹುಡುಗನಿಗೆ ಸೋದರಮಾವ. ನನಗೆ ಡೆಂಗ್ಯೂ ಆದಾಗ ನಾಲ್ಕು ದಿನ ಗಂಜಿ ಮಾಡಿ ಡೊಂಬಿವಲಿಯ ನಮ್ಮ ಮನೆಗೆ ತಂದುಕೊಟ್ಟವನು. ಅವನ ಹೆಂಡತಿ ಊರಿಗೆ ಹೋಗಿದ್ದಳು. ಮೂರನೇ ದಿನ ಬೆಳಿಗ್ಗೆ ಮಕ್ಕಳನ್ನು ಕರೆತರಲು ಹೋದೆ. ಹನ್ನೊಂದು ಗಂಟೆಯಾದರೂ ಇಬ್ಬರೂ ಎದ್ದಿರಲಿಲ್ಲ. "ರಾತ್ರಿ ತುಂಬ ಹೊತ್ತು ಮೊಬೈಲ್ ನೋಡಿದ್ದಾರೆ ಅತ್ತಿಗೆ" ಎಂದ. ಸಿಂಕಿನಲ್ಲಿ ಮೂರು ಸ್ಟೀಲ್ ಲೋಟ ಇದ್ದವು. ತಳದಲ್ಲಿ ಬಾದಾಮಿ ಹಾಲಿನ ಗಸಿ. ಕೈ ಸುಮ್ನೆ ಇರುವುದಿಲ್ಲ ಅಲ್ವಾ, ತೊಳೆದು ಬೋರಲು ಹಾಕಿದೆ.

ವಾಪಸು ಬರುವಾಗ ಲೋಕಲ್‌ನಲ್ಲಿ ಮಗಳು ನನ್ನ ಭುಜಕ್ಕೆ ಒರಗಿಕೊಂಡು ಹೇಳಿದಳು: "ಅಮ್ಮಾ, ನಿನ್ನೆ ಹಾಲು ಕಹಿ ಇತ್ತು. ಕುಡಿದ ಮೇಲೆ ಏನೂ ನೆನಪಿಲ್ಲ." ಹುಡುಗ ಕಿಟಕಿಯ ಕಡೆಗೇ ನೋಡುತ್ತಾ ಹೇಳಿದ: "ಅತ್ತೆ, ದೀಪಾವಳಿಗೆ ಹೋದಾಗಲೂ ನನಗೆ ಹೀಗೇ ಆಗಿತ್ತು."

ಕೇಸು ಈಗ ಕೋರ್ಟಿನಲ್ಲಿದೆ. ಮೈದುನ ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ಹೇಳಬೇಕಾದವರು ಜಡ್ಜ್, ನಾನಲ್ಲ. ಹಾಗಾಗಿ ಯಾರ ಹೆಸರನ್ನೂ ಬರೆಯುವುದಿಲ್ಲ. ಮೊದಲ ಎರಡು ದಿನ ಏನು ಮಾಡಬೇಕು ಎಂದು ನಮಗೆ ಹೇಳುವವರು ಯಾರೂ ಇರಲಿಲ್ಲ. ಅದನ್ನು ಬರೆಯುತ್ತಿದ್ದೇನೆ.

ಮೊದಲು ಮಗುವಿನ ಜೀವ. ಎಬ್ಬಿಸಿದರೂ ಏಳುತ್ತಿಲ್ಲ, ಉಸಿರು ನಿಧಾನವಾಗಿದೆ, ತುಟಿ ನೀಲಿಯಾಗುತ್ತಿದೆ ಎಂದರೆ ಯೋಚನೆ ಮಾಡುತ್ತಾ ಕೂರಬೇಡಿ. 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಕಾಫಿ ಕುಡಿಸುವುದು, ಲಿಂಬೆರಸ ಕೊಡುವುದು ಯಾವುದೂ ಬೇಡ. ಅರೆಪ್ರಜ್ಞೆಯಲ್ಲಿ ಕುಡಿಸಿದ್ದು ಶ್ವಾಸಕೋಶಕ್ಕೆ ಹೋಗಬಹುದು.

ಮಗು ಎದ್ದು ಓಡಾಡುತ್ತಿದ್ದರೆ ಮುಂದಿನ ವಿಷಯ ಮೂತ್ರ. ಹೌದು, ಇದನ್ನು ಬಿಡಿಸಿಯೇ ಹೇಳಬೇಕು. ಗಡಿಯಾರ ಓಡುತ್ತಿರುತ್ತದೆ. ಮಂಕು ಬರಿಸುವ ಕೆಲವು ಔಷಧಗಳು ಹೆಚ್ಚುಕಡಿಮೆ 12 ಗಂಟೆಯೊಳಗೆ ಮೂತ್ರದಿಂದ ಮಾಯವಾಗುತ್ತವೆ. ಸಾಮಾನ್ಯ ನಿದ್ದೆ ಮಾತ್ರೆಗಳಲ್ಲಿ ಹಲವು ಮೂರು ನಾಲ್ಕು ದಿನದವರೆಗೂ ಸಿಗಬಹುದು. ರಕ್ತದಲ್ಲಿ ಇನ್ನೂ ಬೇಗ ಕಡಿಮೆಯಾಗುತ್ತವೆ. ಹಾಗಾಗಿ ಅನುಮಾನ ಬಂದ ಮೇಲಿನ ಮೊದಲ ಮೂತ್ರ ಕಮೋಡಿಗೆ ಹೋಗದಂತೆ ನೋಡಿಕೊಳ್ಳಿ. ಆಸ್ಪತ್ರೆಯಲ್ಲೇ ಕೊಟ್ಟರೆ ಎಲ್ಲಕ್ಕಿಂತ ಒಳ್ಳೆಯದು. ಅವರು ಸೀಲ್ ಮಾಡುತ್ತಾರೆ, ಪೊಲೀಸರಿಗೆ ಕೊಡುತ್ತಾರೆ, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎನ್ನುವುದು ಬರಹದಲ್ಲಿರುತ್ತದೆ. ಆಸ್ಪತ್ರೆ ದೂರ ಇದೆ, ಮಗುವಿಗೆ ತಡೆಯಲು ಆಗುತ್ತಿಲ್ಲ ಎಂದರೆ ಮೆಡಿಕಲ್‌ನಿಂದ ಹೊಸ ಡಬ್ಬಿ ತನ್ನಿ. ಅದರಲ್ಲಿ ಹಿಡಿದು, ಮುಚ್ಚಿ, ಮೇಲೆ ಹೆಸರು, ದಿನ, ಗಂಟೆ ಬರೆಯಿರಿ. ಫ್ರಿಜ್‌ನಲ್ಲಿಟ್ಟು ಆಸ್ಪತ್ರೆಗೆ ಒಯ್ಯಿರಿ.

ನಾವು ಒಂದು ದಿನ ಕಳೆದುಕೊಂಡೆವು. ಸ್ಟೇಷನ್ ಹತ್ತಿರದ ಒಬ್ಬ ಡಾಕ್ಟರು "ಬಿಸಿಲು, ಗ್ಯಾಸ್" ಎಂದು ಮಾತ್ರೆ ಬರೆದುಕೊಟ್ಟರು. ನನಗೂ ಅದನ್ನೇ ನಂಬಬೇಕು ಅನ್ನಿಸಿತ್ತು. ನಾದಿನಿ ಮಾತ್ರ ನಂಬಲಿಲ್ಲ. ಅವಳಿಗೆ ಅವನು ಒಡಹುಟ್ಟಿದ ತಮ್ಮ. ಆದರೂ ಅವಳೇ ಆ ಸಂಜೆ ಮಗನನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನಾನು ಮಗಳನ್ನು ಕರೆದುಕೊಂಡು ಹೋಗುವಷ್ಟರಲ್ಲಿ ಮರುದಿನ ಮಧ್ಯಾಹ್ನವಾಗಿತ್ತು. ತಿಂಗಳುಗಳ ನಂತರ ರಿಪೋರ್ಟ್ ಬಂತು. ಹುಡುಗನ ಮೂತ್ರದಲ್ಲಿ ನಿದ್ದೆ ಮಾತ್ರೆಯ ಅಂಶ ಇತ್ತು. ನನ್ನ ಮಗಳದ್ದರಲ್ಲಿ ಏನೂ ಇರಲಿಲ್ಲ. ಅವಳು ಅರ್ಧ ಲೋಟವಷ್ಟೇ ಕುಡಿದಿದ್ದಳು. ಅದಕ್ಕೋ, ನಾನು ತಡ ಮಾಡಿದ್ದಕ್ಕೋ, ಗೊತ್ತಾಗಲಿಲ್ಲ. "ಹಾಗಾದರೆ ನಾನು ಸುಳ್ಳು ಹೇಳಿದೆ ಅಂತಾನಾ?" ಎಂದು ಕೇಳಿದಳು. ಹಾಗಲ್ಲ. ರಿಪೋರ್ಟಿನಲ್ಲಿ ಏನೂ ಬಾರದಿದ್ದರೆ ಮಗು ಸುಳ್ಳು ಹೇಳಿದೆ ಎಂದು ಅರ್ಥವಲ್ಲ. ಇದನ್ನು ಮಗುವಿಗೆ ಮೊದಲೇ ಹೇಳಿಡಿ, ರಿಪೋರ್ಟ್ ಬಂದ ಮೇಲಲ್ಲ.

ಆಸ್ಪತ್ರೆಯಲ್ಲಿ "ತಲೆ ಸುತ್ತು" ಎಂದಷ್ಟೇ ಹೇಳಬೇಡಿ. "ಯಾರೋ ಊಟದಲ್ಲಿ ಔಷಧ ಬೆರೆಸಿದ್ದಾರೆ ಎಂದು ಅನುಮಾನ, ಎಂಎಲ್‌ಸಿ ಮಾಡಿ" ಎಂದು ಆ ಮಾತಿನಲ್ಲೇ ಹೇಳಿ. ಎಂಎಲ್‌ಸಿ ಎಂದರೆ ಮೆಡಿಕೋ-ಲೀಗಲ್ ಕೇಸ್, ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂದು ಆಸ್ಪತ್ರೆಯವರು ಬರೆದುಕೊಳ್ಳುವುದು. ಕೇಸ್ ಪೇಪರಿನ ಮೇಲೆ ಅದು ಬರಬೇಕು. ಸಯನ್, ಕೆಇಎಂ, ರಾಜಾವಾಡಿಯಂಥ ಸರ್ಕಾರಿ, ಮುನಿಸಿಪಾಲಿಟಿ ಆಸ್ಪತ್ರೆಗಳಿಗೆ ಎಂಎಲ್‌ಸಿ ದಿನನಿತ್ಯದ ಕೆಲಸ. ಹಾಸಿಗೆ ಪಕ್ಕದಲ್ಲಿ ಮಾಡುವ ಪಟ್ಟಿಯ ಟೆಸ್ಟ್ ಎಲ್ಲ ಔಷಧವನ್ನೂ ಹಿಡಿಯುವುದಿಲ್ಲ. ಸ್ಯಾಂಪಲ್ ಫೊರೆನ್ಸಿಕ್ ಲ್ಯಾಬಿಗೆ ಹೋಗಬೇಕು. ಮುಂಬೈಯಲ್ಲಿ ಅದು ಕಾಲಿನಾದಲ್ಲಿದೆ. ದಿನ ಜಾಸ್ತಿ ಆಗಿಹೋಗಿದ್ದರೂ ಕೈಚೆಲ್ಲಬೇಡಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಕೆಲವು ಔಷಧಗಳ ಗುರುತು ಅದರಲ್ಲಿ ಉಳಿದಿರುತ್ತದೆ. ಅದಕ್ಕೇ ಮಗುವಿನ ಕೂದಲು ಕತ್ತರಿಸಬೇಡಿ, ಬಣ್ಣ ಹಚ್ಚಬೇಡಿ, ಡಾಕ್ಟರನ್ನು ಕೇಳಿ.

ಮೈಮೇಲೆ ಯಾರಾದರೂ ಕೈ ಹಾಕಿರಬಹುದೇ ಎಂಬ ಪ್ರಶ್ನೆ ಬರುತ್ತದೆ. ಬಂದೇ ಬರುತ್ತದೆ. ಮಗುವಿಗೆ ನೆನಪಿಲ್ಲ ಎಂದರೆ ಆ ಪರೀಕ್ಷೆಯನ್ನೂ ಮಾಡಿಸಿ. ಹುಡುಗನಾದರೂ ಮಾಡಿಸಿ. ಸ್ನಾನ ಮಾಡಿಸುವ ಮೊದಲು, ಆ ಬಟ್ಟೆ ಒಗೆಯುವ ಮೊದಲು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆಂದೇ ಇರುವ ಪೋಕ್ಸೋ ಕಾಯ್ದೆಯ ಪ್ರಕಾರ ಎಫ್‌ಐಆರ್ ಆಗದಿದ್ದರೂ ಈ ಪರೀಕ್ಷೆ ಮಾಡಬೇಕು. ಹುಡುಗಿಯನ್ನು ಮಹಿಳಾ ಡಾಕ್ಟರೇ ನೋಡಬೇಕು. ಮಗು ನಂಬುವ ದೊಡ್ಡವರೊಬ್ಬರು ಪಕ್ಕದಲ್ಲಿರಬಹುದು. "ಮೊದಲು ಪೊಲೀಸ್ ಚೀಟಿ ತನ್ನಿ" ಎಂದು ಆಸ್ಪತ್ರೆಯವರು ಹೇಳುವಂತಿಲ್ಲ. ಮುಟ್ಟುವ ಮೊದಲು ಮಗುವಿಗೆ ಹೇಳಬೇಕು, ಮಗು ಬೇಡ ಎಂದರೆ ನಿಲ್ಲಿಸಬೇಕು. ನನ್ನ ಮಗಳು ಮೊದಲ ಸಲ ಬೇಡ ಎಂದಳು. ಡಾಕ್ಟರಮ್ಮ ಹೊರಗೆ ಹೋಗಿ ಹದಿನೈದು ನಿಮಿಷ ಕಾದರು. ಆಮೇಲೆ ಒಪ್ಪಿದಳು.

ಈಗ ಪಾತ್ರೆ. ನಮ್ಮ ಮನೆಗಳಲ್ಲಿ ಏನಾದರೂ ಆದ ತಕ್ಷಣ ಹೆಂಗಸರ ಕೈ ಹೋಗುವುದು ತೊಳೆಯುವುದಕ್ಕೆ. ವಾಂತಿ ಒರೆಸುತ್ತೇವೆ, ಲೋಟ ತೊಳೆಯುತ್ತೇವೆ, ಬೆಡ್‌ಶೀಟ್ ನೆನೆಹಾಕುತ್ತೇವೆ. ಆ ಕೈಯನ್ನು ಒಂದು ದಿನ ಹಿಡಿದುಕೊಳ್ಳಿ. ಉಳಿದ ಹಾಲು, ಪಾಯಸ, ಸಾರು ಏನಿದ್ದರೂ ಅದೇ ಪಾತ್ರೆಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಡಿ. ಇನ್ನೊಂದಕ್ಕೆ ಸುರಿಯಬೇಡಿ. ರುಚಿ ನೋಡಬೇಡಿ. ಇಡುವ ಮೊದಲು ಎಲ್ಲಿತ್ತೋ ಅಲ್ಲೇ ಫೋಟೋ ತೆಗೆಯಿರಿ. ವಾಂತಿಯಾದ ಬಟ್ಟೆಯನ್ನು ಒಣಗಿಸಿ ಪೇಪರಿನಲ್ಲಿ ಸುತ್ತಿಡಿ, ಪ್ಲಾಸ್ಟಿಕ್‌ನಲ್ಲಿ ಬೂಸ್ಟು ಬರುತ್ತದೆ. ಕಸದ ಬುಟ್ಟಿಯಲ್ಲಿ ಮಾತ್ರೆಯ ಖಾಲಿ ಪಟ್ಟಿ ಕಂಡರೆ ಮುಟ್ಟಬೇಡಿ, ಫೋಟೋ ತೆಗೆದು ಪೊಲೀಸರಿಗೆ ತೋರಿಸಿ. ಹಲವು ನಿದ್ದೆ ಮಾತ್ರೆಗಳು ಶೆಡ್ಯೂಲ್ ಎಚ್1ರಲ್ಲಿ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಯಲ್ಲಿ, ಬರುತ್ತವೆ. ಅವನ್ನು ಮಾರಿದ ಮೆಡಿಕಲ್‌ನವರು ಬರೆದುಕೊಟ್ಟ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ ಎನ್ನುವುದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಪೊಲೀಸರಿಗೆ ಇದರಿಂದ ದಾರಿ ಸಿಗುತ್ತದೆ. ಆ ರಿಜಿಸ್ಟರ್ ಹುಡುಕುವುದು ಅವರ ಕೆಲಸ, ನಿಮ್ಮದಲ್ಲ.

ಅನುಮಾನ ಇರುವವರಿಗೆ ಫೋನ್ ಮಾಡಬೇಡಿ. "ನೀನೇನಾದರೂ ಹಾಕಿದ್ದೀಯಾ?" ಎಂದು ಕೇಳಬೇಕು ಎಂದು ಕೈ ತುರಿಸುತ್ತದೆ. ನಮ್ಮವರು ಎರಡು ಸಲ ಫೋನ್ ಎತ್ತಿಕೊಂಡಿದ್ದರು, ಸ್ವಂತ ತಮ್ಮ ಅಲ್ವಾ. ಕೇಳಿದರೆ ಏನಾಗುತ್ತದೆ? ತಪ್ಪು ಮಾಡಿದವನಾದರೆ ಎಲ್ಲ ತೊಳೆದುಬಿಡುತ್ತಾನೆ. ಮಾಡದವನಾದರೆ ಪರೀಕ್ಷೆಯಿಂದ ಬಿಡುಗಡೆಯಾಗಬೇಕಾದವನ ಮೇಲೆ ಮನೆಮಂದಿ ಬೈಗುಳದ ತೀರ್ಪು ಕೊಟ್ಟಂತಾಗುತ್ತದೆ. ಮಕ್ಕಳಿಗೆ ಜ್ವರದಿಂದ, ಸಕ್ಕರೆ ಇಳಿದದ್ದರಿಂದ, ತಾವೇ ಏನೋ ತಿಂದು ಕುಡಿದದ್ದರಿಂದಲೂ ಹೀಗಾಗಬಹುದು. ಅದನ್ನೂ ಹೇಳುವುದು ಪರೀಕ್ಷೆಯೇ. ಫ್ಯಾಮಿಲಿ ಗ್ರೂಪಿನಲ್ಲಿ ಹಾಕಬೇಡಿ. ಹೊಡೆಯಲು ಹೋಗಬೇಡಿ. ಅವನ ಹಳೆಯ ಮೆಸೇಜುಗಳನ್ನು ಅಳಿಸಬೇಡಿ, ತಾನಾಗಿ ಅಳಿಯುವ ಸೆಟ್ಟಿಂಗ್ ಇದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ಕೇಳುವುದಿರಲಿ, ಮಕ್ಕಳನ್ನು ಮತ್ತೆ ಆ ಮನೆಗೆ ಮಾತ್ರ ಕಳಿಸಬೇಡಿ.

ಮಕ್ಕಳನ್ನು ಕೇಳುವ ರೀತಿಯಲ್ಲೂ ನಾನು ತಪ್ಪಿದೆ. ಇಬ್ಬರನ್ನೂ ಎದುರು ಕೂರಿಸಿಕೊಂಡು "ಅವನು ಮಾತ್ರೆ ಹಾಕಿದ್ದು ನೋಡಿದಿರಾ?" ಎಂದು ಕೇಳಿದೆ. ಹಾಗೆ ಕೇಳಬಾರದು. ಇಬ್ಬರ ನೆನಪು ಕಲಸಿಹೋಗುತ್ತದೆ, ಉತ್ತರವನ್ನು ನಾವೇ ಬಾಯಿಗೆ ಹಾಕಿದಂತಾಗುತ್ತದೆ. ಬೇರೆ ಬೇರೆ ಕೂರಿಸಿ. "ಏನಾಯ್ತು ಹೇಳು", "ಆಮೇಲೆ?" ಇಷ್ಟೇ ಸಾಕು. ಹೇಳಿದ್ದನ್ನು ಅವರದೇ ಮಾತಿನಲ್ಲಿ ದಿನ, ಗಂಟೆ ಹಾಕಿ ಬರೆದಿಡಿ. ಒಂದು ಸಲ ಸಾಕು. ಅಜ್ಜಿಗೆ ಒಮ್ಮೆ, ದೊಡ್ಡಮ್ಮನಿಗೆ ಒಮ್ಮೆ ಎಂದು ಹೇಳಿಸಬೇಡಿ. "ಮತ್ತೆ ಯಾಕೆ ಕುಡಿದೆ?" ಎಂದು ಕೇಳಬೇಡಿ. ಮಾವ ಕೊಟ್ಟ ಹಾಲನ್ನು ಕುಡಿಯದೆ ಮಕ್ಕಳು ಏನು ಮಾಡಬೇಕಿತ್ತು?

ಪೊಲೀಸ್ ವಿಷಯದಲ್ಲಿ ನಮ್ಮವರಿಗೆ ಜಾಸ್ತಿ ಗೊಂದಲ ಆಗುವುದು ಕೇಸು ಯಾವ ಸ್ಟೇಷನ್ನಿಗೆ ಸೇರಿದ್ದು ಎನ್ನುವುದು. ಘಟನೆ ನಡೆದದ್ದು ಘಾಟ್‌ಕೋಪರ್‌ನಲ್ಲಿ, ಅದು ಮುಂಬೈ ಪೊಲೀಸರದು. ನಾವಿರುವ ಡೊಂಬಿವಲಿ ಥಾಣೆ ನಗರದ ಪೊಲೀಸರದು. "ಅಲ್ಲಿಗೆ ಹೋಗಿ" ಎಂದರೆ "ಝೀರೋ ಎಫ್‌ಐಆರ್ ಬರೆದುಕೊಳ್ಳಿ" ಎನ್ನಿ. ಯಾವ ಸ್ಟೇಷನ್ನಿನಲ್ಲಾದರೂ ಬರೆದುಕೊಳ್ಳಬೇಕು, ಆಮೇಲೆ ಅವರೇ ಕಳಿಸಿಕೊಡುತ್ತಾರೆ. ಇಲ್ಲಿ ಎಫ್‌ಐಆರ್ ಬರೆಯುವುದು ಮರಾಠಿಯಲ್ಲಿ. ಮೂವತ್ತು ವರ್ಷದಿಂದ ಮರಾಠಿ ಮಾತಾಡುವ ನನಗೂ ಆ ಸರ್ಕಾರಿ ಮರಾಠಿ ಅರ್ಧ ಅರ್ಥವಾಗಲಿಲ್ಲ. ಓದಿಸಿಕೊಳ್ಳಿ, ಅರ್ಥ ಕೇಳಿ, ಆಮೇಲೆ ಸಹಿ ಹಾಕಿ. ಪ್ರತಿಯನ್ನು ಪುಕ್ಕಟೆ ಕೊಡಬೇಕು. ಮಂಕು ಬರಿಸುವ ವಸ್ತು ಕೊಟ್ಟು ನೋಯಿಸಲು ಅಥವಾ ಅಪರಾಧ ಮಾಡಲು ಹೊರಟರೆ ಭಾರತೀಯ ನ್ಯಾಯ ಸಂಹಿತೆಯ 123ನೇ ಕಲಂನಲ್ಲಿ 10 ವರ್ಷದವರೆಗೆ ಶಿಕ್ಷೆ ಇದೆ. 2024ರ ಜುಲೈ 1ಕ್ಕಿಂತ ಮೊದಲು ನಡೆದದ್ದಾದರೆ ಹಳೆಯ ಐಪಿಸಿ 328. ಮಗುವಿಗೆ ಅಮಲು ಪದಾರ್ಥ ಕೊಟ್ಟರೆ 2015ರ ಬಾಲ ನ್ಯಾಯ ಕಾಯ್ದೆಯ 77ನೇ ಕಲಂನಲ್ಲಿ 7 ವರ್ಷದವರೆಗೆ ಶಿಕ್ಷೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಪೋಕ್ಸೋ ಕೇಸಾದರೆ ಮಗುವಿನ ಹೇಳಿಕೆಯನ್ನು ಮನೆಯಲ್ಲೇ, ಯೂನಿಫಾರ್ಮ್ ಇಲ್ಲದೆ, ಆದಷ್ಟೂ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ರಾತ್ರಿ ಮಗುವನ್ನು ಸ್ಟೇಷನ್ನಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಸ್ಟೇಷನ್ ಮೆಟ್ಟಿಲು ಹತ್ತಲು ಧೈರ್ಯ ಬಾರದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಕ್ಕಳೇ ಮಾಡಬಹುದು.

ಇನ್ನು ಮನೆಯ ಮಾತು. ನಮ್ಮತ್ತೆ ಮೂರು ದಿನ ಊಟ ಬಿಟ್ಟರು. "ಮನೆಯೊಳಗಿನದ್ದು ಮನೆಯೊಳಗೇ ಇರಲಿ, ಅವನನ್ನು ಊರಿಗೆ ಕಳಿಸಿಬಿಡೋಣ" ಎಂದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ, ಎರಡೂ ಕಡೆ ಅವರ ರಕ್ತವೇ. ಆದರೆ ಊರಿನಲ್ಲೂ ಮಕ್ಕಳಿದ್ದಾರೆ. ಅಲ್ಲದೆ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಿದ್ದೂ ಮುಚ್ಚಿಟ್ಟರೆ ಮುಚ್ಚಿಟ್ಟವರಿಗೇ 6 ತಿಂಗಳವರೆಗೆ ಜೈಲು ಎನ್ನುತ್ತದೆ ಪೋಕ್ಸೋ. ರಾಜಿ ಪಂಚಾಯ್ತಿಗೆ ಅಲ್ಲಿ ಜಾಗವಿಲ್ಲ. ಇದನ್ನು ಅತ್ತೆಗೆ ಕೂಗಾಡಿ ಹೇಳಲಿಲ್ಲ. ನಾದಿನಿ ಅವರ ಕಾಲ ಬಳಿ ಕೂತು ಹೇಳಿದಳು: "ಅಮ್ಮಾ, ಅವನು ನಿನ್ನ ಮಗ. ಇವನು ನನ್ನ ಮಗ." ಅಷ್ಟೇ. ಅತ್ತೆ ಆಮೇಲೆ ಯಾರಿಗೂ ಬೇಡ ಎನ್ನಲಿಲ್ಲ.

ನಿಮ್ಮ ಮನೆಯಲ್ಲಿ ಇಂಥ ಒಬ್ಬರನ್ನು ಹುಡುಕಿಕೊಳ್ಳಿ. ಬಿಲ್ಡಿಂಗಿನವರಿಗೆ, ಸಂಘದವರಿಗೆ, ಊರಿನವರಿಗೆ ಏನು ಹೇಳಬೇಕು ಎಂದು ಒಬ್ಬರೇ ನಿರ್ಧರಿಸಲಿ, ಒಂದೇ ಮಾತು ಇರಲಿ: "ಕೇಸು ನಡೆಯುತ್ತಿದೆ, ಮಕ್ಕಳ ಬಗ್ಗೆ ಮಾತಾಡುವುದಿಲ್ಲ." ಮಕ್ಕಳ ಗುರುತು ಹೊರಗೆ ಬರಬಾರದು.

ಆಮೇಲಿನದು ನಿಧಾನದ ಕೆಲಸ. ಹುಡುಗ ಎರಡು ತಿಂಗಳು ತಾನೇ ಪ್ಯಾಕೆಟ್ ಒಡೆದದ್ದನ್ನು ಬಿಟ್ಟು ಬೇರೇನೂ ತಿನ್ನಲಿಲ್ಲ. ಮಗಳು ರಾತ್ರಿ ನಿದ್ದೆ ಬಂದರೆ ಹೆದರುತ್ತಿದ್ದಳು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ, ಕನ್ನಡದಲ್ಲೇ ಮಾತಾಡಬಹುದು. ಆಮೇಲೆ ವಾರಕ್ಕೊಮ್ಮೆ ಕೌನ್ಸೆಲರ್ ಹತ್ತಿರ ಹೋದೆವು. ಪೋಕ್ಸೋ ಕೇಸಿನಲ್ಲಿ ಮಕ್ಕಳ ಕಲ್ಯಾಣ ಸಮಿತಿ ಒಬ್ಬ ಸಪೋರ್ಟ್ ಪರ್ಸನ್ ಕೊಡುತ್ತದೆ, ಕೋರ್ಟಿಗೂ ಜೊತೆಗೆ ಬರುತ್ತಾರೆ. ಕೊಡದಿದ್ದರೆ ಕೇಳಿ.

ನಮ್ಮ ಮನೆಯಲ್ಲಿ ಈಗ ಬಡಿಸುವುದು ನಿಲ್ಲಿಸಿದ್ದೇವೆ. ಪಾತ್ರೆಗಳನ್ನು ನಡುವೆ ಇಡುತ್ತೇವೆ, ಅವರವರು ಹಾಕಿಕೊಳ್ಳುತ್ತಾರೆ, ಮೊದಲ ತುತ್ತು ನಾನು ತಿನ್ನುತ್ತೇನೆ. ಹೀಗೆ ಮಾಡು ಎಂದು ಹೇಳಿದ್ದು ಮಗಳು. ಕಳೆದ ತಿಂಗಳು ಹುಡುಗ ಬಂದಾಗ ನನ್ನ ಕೈಯಿಂದ ಒಂದು ದೋಸೆ ಹಾಕಿಸಿಕೊಂಡ. ಬಾದಾಮಿ ಹಾಲು ಮಾತ್ರ ಇನ್ನೂ ಮನೆಗೆ ಬಂದಿಲ್ಲ. ಅವರಾಗಿ ಕೇಳಿದ ದಿನ ಮಾಡುತ್ತೇನೆ, ಅವರ ಎದುರೇ.