ಮಂಗಗಳ ಗುಂಪಿನಲ್ಲಿ ಯಾರಿಗೆ ಯಾರು ಆಪ್ತರೆಂದು ಗುರುತಿಸುವ ಬಗೆ

ತಲೆಯ ಮೇಲೆ ಟೋಪಿಯಂತೆ ಕೂದಲು ಹರಡಿರುವ ನಮ್ಮೂರಿನ ಮಂಗ, ಅಂದರೆ ಬಾನೆಟ್ ಮಕಾಕ್, ಭಾರತದ ಪರ್ಯಾಯ ದ್ವೀಪದಲ್ಲಲ್ಲದೆ ಬೇರೆಲ್ಲೂ ಸಹಜವಾಗಿ ಬದುಕುವುದಿಲ್ಲ. ಅದರ ಗುಂಪನ್ನು ನೋಡುವವರ ಕಣ್ಣು ಜಗಳದ ಕಡೆಗೇ ಹೋಗುತ್ತದೆ. ಆದರೆ ನಂಟು ತಿಳಿಯುವುದು ಸದ್ದಿಲ್ಲದೆ ಹೇನು ಹೆಕ್ಕುವ ಹೊತ್ತಿನಲ್ಲಿ.

ಮೊದಲು, ತಿನ್ನಲು ಏನನ್ನೂ ಕೊಡಬೇಡಿ. ಆಹಾರ ಕಂಡೊಡನೆ ಮಂಗಗಳ ಗಮನ ಪರಸ್ಪರರಿಂದ ನಿಮ್ಮ ಕಡೆಗೆ ತಿರುಗುತ್ತದೆ, ಜಗಳವೂ ಹೆಚ್ಚುತ್ತದೆ. ದೂರದಲ್ಲೇ ಕುಳಿತುಕೊಳ್ಳಿ, ಕಣ್ಣಿಗೆ ಕಣ್ಣಿಟ್ಟು ದಿಟ್ಟಿಸಬೇಡಿ. ಬಾಯಿ ತೆರೆದು ದಿಟ್ಟಿಸುವುದು ಅವುಗಳಲ್ಲಿ ಬೆದರಿಕೆ. ತುಟಿಗಳನ್ನು ಹಿಂದಕ್ಕೆಳೆದು ಹಲ್ಲು ತೋರುವುದು ಸಾಮಾನ್ಯವಾಗಿ ನಗುವಲ್ಲ, ಹೆದರಿ ಮಣಿಯುವ ಸೂಚನೆ. ತುಟಿಗಳನ್ನು ಬೇಗಬೇಗನೆ ಬಡಿಯುತ್ತಾ ಹತ್ತಿರ ಬಂದರೆ ಅದು ಸ್ನೇಹದ ಮುನ್ನುಡಿ.

ಗಾಯದ ಗುರುತು, ಹರಿದ ಕಿವಿ, ತುಂಡಾದ ಬಾಲ ಇವುಗಳಿಂದ ಒಂದೊಂದನ್ನೂ ಗುರುತಿಸಿ ಹೆಸರಿಡಿ. ಆಮೇಲೆ ಪ್ರಾಣಿಗಳ ವರ್ತನೆಯ ಸಂಶೋಧಕಿ ಜೀನ್ ಆಲ್ಟ್‌ಮನ್ 1974ರಲ್ಲಿ ವಿವರಿಸಿದ ವಿಧಾನಗಳಲ್ಲೊಂದನ್ನು ಅನುಸರಿಸಿ: ಒಂದೇ ಮಂಗವನ್ನು ನಿಗದಿತ ಅವಧಿಯವರೆಗೆ ನೋಡಿ, ಅವಧಿ ಮುಗಿದ ಮೇಲೆ ಮುಂದಿನದಕ್ಕೆ ಹೋಗಿ. ಹೀಗೆ ಮಾಡಿದರೆ ಗದ್ದಲ ಮಾಡುವ ಮಂಗವೇ ಪುಸ್ತಕವನ್ನೆಲ್ಲ ತುಂಬುವುದಿಲ್ಲ. ಯಾರು ಯಾರ ಬಳಿಗೆ ಬಂದರು, ಯಾರ ಮೈಯನ್ನು ಯಾರು ಹೆಕ್ಕಿದರು, ಎಷ್ಟು ಹೊತ್ತು, ಮೊದಲು ಎದ್ದುಹೋದವರು ಯಾರು ಎಂಬಷ್ಟನ್ನು ಬರೆದರೆ ಸಾಕು.

ಬಹಳ ಸ್ವಾರಸ್ಯವಿರುವುದು ಮೂವರ ಪ್ರಸಂಗದಲ್ಲಿ. ಇಬ್ಬರು ಹೆಣ್ಣುಗಳು ಹೇನು ಹೆಕ್ಕುತ್ತಿರುವಾಗ ಅವರಿಬ್ಬರಿಗಿಂತ ಮೇಲಿನ ಸ್ಥಾನದ ಮೂರನೆಯದು ಬಂದರೆ, ಸಾಮಾನ್ಯವಾಗಿ ಎದ್ದುಹೋಗುವುದು ಇಬ್ಬರಲ್ಲಿ ಕೆಳಗಿನ ಸ್ಥಾನದವಳು ಎಂಬುದನ್ನು ಮಂಗಗಳ ವರ್ತನೆಯ ಸಂಶೋಧಕ ಅನಿಂದ್ಯ ಸಿನ್ಹಾ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಹಾಗೆ ಎದ್ದುಹೋಗುವವಳಿಗೆ, ಬಂದವಳು ತನಗಿಂತ ದೊಡ್ಡವಳೆಂದು ತಿಳಿದಿದ್ದರಷ್ಟೇ ಸಾಲದು, ಪಕ್ಕದವಳಿಗೆ ಹೋಲಿಸಿದರೆ ತನ್ನ ಸ್ಥಾನ ಯಾವುದೆಂಬ ಅರಿವೂ ಬೇಕು. ಇಂಥ ಲೆಕ್ಕಾಚಾರ ನಮ್ಮ ಕಣ್ಣೆದುರೇ, ರಸ್ತೆಬದಿಯ ಮರದಲ್ಲೇ ನಡೆಯುತ್ತಿರುವುದು ನನಗೆ ಇಂದಿಗೂ ಬೆರಗಿನ ಸಂಗತಿ. ಆದ್ದರಿಂದ ಯಾರಾದರೂ ಎದ್ದುಹೋದಾಗ ಅವರನ್ನಷ್ಟೇ ಅಲ್ಲ, ಉಳಿದವರನ್ನೂ ಬರೆದಿಟ್ಟುಕೊಳ್ಳಿ.

ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಉಳಿಯುವುದರಿಂದ ಅವುಗಳ ಆಪ್ತತೆಯ ಹಿಂದೆ ರಕ್ತಸಂಬಂಧ ಇರಬಹುದು. ಬೆಳೆದ ಗಂಡುಗಳು ಗುಂಪು ಬದಲಿಸುತ್ತವೆ. ಆದರೂ ಈ ಜಾತಿಯ ಗಂಡುಗಳು ಪರಸ್ಪರ ಅಪ್ಪಿಕೊಂಡು, ಹೇನು ಹೆಕ್ಕಿ ಕೂರುವುದನ್ನು ಕಾಣಬಹುದು. ಒಮ್ಮೆ ಕಂಡದ್ದನ್ನು ನಂಟೆಂದು ಬರೆಯಬೇಡಿ. ಅದೇ ಜೋಡಿ ಬೇರೆ ಬೇರೆ ದಿನಗಳಲ್ಲಿ, ಆಹಾರ ಸಮೃದ್ಧವಾಗಿದ್ದಾಗಲೂ ಕೊರತೆಯಾದಾಗಲೂ ಜೊತೆಗಿದ್ದರೆ ಮಾತ್ರ ಆ ಹೆಸರುಗಳನ್ನು ಆಪ್ತರ ಪಟ್ಟಿಗೆ ಸೇರಿಸಿ.