ಮೊದಲ ದಿನವೇ ಪಾಸ್‌ವರ್ಡ್ ಬದಲಿಸಬೇಡಿ

ಗಂಡ ಫೋನ್ ನೋಡುತ್ತಾನೆ ಅಂತ ಹೇಳಿಕೊಂಡರೆ ಎಲ್ಲರೂ ಕೊಡುವ ಸಲಹೆ ಒಂದೇ: ಪಾಸ್‌ವರ್ಡ್ ಬದಲಿಸು. ಆಪ್ತ ಸಮಾಲೋಚನೆಗೆ ಬಂದವರಿಗೆ ನಾವು ಸದ್ಯಕ್ಕೆ ಅದು ಬೇಡ ಅನ್ನುತ್ತೇವೆ. ನಿನ್ನೆ ಕಂಡದ್ದು ಇವತ್ತು ಕಾಣದಿದ್ದರೆ ಅವನಿಗೆ ಸುಳಿವು ಹತ್ತುತ್ತದೆ. ಏಟು ಬೀಳುವುದು ಆಗಲೇ.

ಕೆಲಸ ಶುರುವಾಗಬೇಕಾದ್ದು ಅವನ ಕೈಗೆ ಸಿಗದ ಇನ್ನೊಂದು ಫೋನಿನಲ್ಲಿ. ಅಕ್ಕನದೋ ಗೆಳತಿಯದೋ ಆಗಬಹುದು. ಅದರಲ್ಲಿ ಹೊಸ ಜಿಮೇಲ್ ತೆರೆಯಿರಿ, ರಿಕವರಿಗೆ (ಪಾಸ್‌ವರ್ಡ್ ಮರೆತರೆ ಖಾತೆ ವಾಪಸ್ ಪಡೆಯಲು) ಹಳೆಯ ನಂಬರ್ ಕೊಡಬೇಡಿ, ಮನೆಯ ಫೋನಿನಲ್ಲಿ ಅದನ್ನು ಒಮ್ಮೆಯೂ ತೆರೆಯಬೇಡಿ. ಹಳೆಯ ಖಾತೆಗೆ ಈ ಇನ್ನೊಂದು ಫೋನಿನಿಂದ ಲಾಗಿನ್ ಆಗುವುದೂ ಬೇಡ. ಹೊಸ ಸಾಧನ ಬಂದಿದೆ ಎಂಬ ಎಚ್ಚರಿಕೆ ಹಳೆಯ ಫೋನಿಗೂ ರಿಕವರಿ ಇಮೇಲಿಗೂ ಹೋಗಿಬಿಡುತ್ತದೆ.

ಆಮೇಲೆ ನಿಮ್ಮ ಫೋನ್. ಬರೀ ನೋಡಬೇಕು, ಏನನ್ನೂ ತೆಗೆಯಬಾರದು. ವಾಟ್ಸ್ಆ್ಯಪ್‌ನ ಲಿಂಕ್ಡ್ ಡಿವೈಸಸ್, ಗೂಗಲ್ ಮ್ಯಾಪ್ಸ್‌ನ ಲೊಕೇಶನ್ ಶೇರಿಂಗ್, ಗೂಗಲ್ ಖಾತೆಯ ಸೆಕ್ಯುರಿಟಿಯಲ್ಲಿರುವ ಸಾಧನಗಳ ಪಟ್ಟಿ ಮತ್ತು ರಿಕವರಿ ನಂಬರ್. ಹಾನಿಕರ ಆ್ಯಪ್ ಹಿಡಿಯುವ ಗೂಗಲ್ ಪ್ಲೇ ಪ್ರೊಟೆಕ್ಟ್ ಆಫ್ ಆಗಿದ್ದರೆ, ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ಅಥವಾ ಡಿವೈಸ್ ಅಡ್ಮಿನ್‌ನಲ್ಲಿ ಗುರುತಿಲ್ಲದ ಹೆಸರಿದ್ದರೆ ಗೂಢಚಾರಿ ಆ್ಯಪ್ ಇದ್ದೀತು. ಅದಿದ್ದರೆ ನೀವು ಅಲ್ಲಿ ಇಣುಕಿದ್ದೂ ಅವನಿಗೆ ಕಾಣಬಹುದು, ಇನ್‌ಕಾಗ್ನಿಟೊ (ಇತಿಹಾಸ ಉಳಿಸದ ಬ್ರೌಸರ್ ಕಿಟಕಿ) ಕೂಡ ಕಾಯುವುದಿಲ್ಲ. ಕಂಡದ್ದನ್ನು ಇನ್ನೊಂದು ಫೋನಿನಿಂದ ಫೋಟೊ ತೆಗೆಯಿರಿ. ಸ್ಕ್ರೀನ್‌ಶಾಟ್ ಬ್ಯಾಕಪ್ ಆಗಿ ಅವನಿಗೇ ತಲುಪೀತು. ಆದರೆ ನಾವು ಕಂಡಂತೆ ಹೆಚ್ಚಿನ ಮನೆಗಳಲ್ಲಿ ಇಂಥ ಆ್ಯಪ್ ಇರುವುದೇ ಇಲ್ಲ. ಪಿನ್ ಅವನಿಗೆ ಗೊತ್ತಿರುತ್ತದೆ, ಇಲ್ಲವೇ ಹೆಂಡತಿ ಮಲಗಿದಾಗ ಬೆರಳು ಒತ್ತಿಸುತ್ತಾನೆ.

ಯಾರಿಗೂ ಹೊಳೆಯದ ದಾರಿಗಳೂ ಇವೆ. ಫಾಸ್ಟ್ಯಾಗ್ ಅವನ ನಂಬರಿನಲ್ಲಿದ್ದರೆ ಟೋಲ್ ದಾಟಿದ್ದು ಮೆಸೇಜಾಗಿ ಅವನಿಗೆ ಹೋಗುತ್ತದೆ. ಊಟ ತರಿಸುವ ಆ್ಯಪಿನಲ್ಲಿ ತವರಿನ ವಿಳಾಸ ಉಳಿದಿರುತ್ತದೆ. ಮಕ್ಕಳ ಟ್ಯಾಬ್‌ನಲ್ಲಿ ನಿಮ್ಮದೇ ಗೂಗಲ್ ಖಾತೆ ಇರಬಹುದು. ಎಲ್ಲಕ್ಕಿಂತ ಕಷ್ಟದ್ದು ಸಿಮ್: ಅವನ ಹೆಸರಿನಲ್ಲಿದ್ದರೆ ಡೂಪ್ಲಿಕೇಟ್ ತೆಗೆಸಿ ಬ್ಯಾಂಕಿನ ಒಟಿಪಿಯನ್ನೆಲ್ಲ ಪಡೆಯಬಲ್ಲ. ನಿಮ್ಮ ಹೆಸರಿನ ಸಿಮ್ ಮೊದಲೇ ತೆಗೆದಿಡಿ, ಬ್ಯಾಂಕಿನಲ್ಲಿ ನಂಬರ್ ಬದಲಿಸುವುದನ್ನು ಮನೆ ಬಿಡುವ ದಿನಕ್ಕೆ ಇಟ್ಟುಕೊಳ್ಳಿ.

ಮಹಿಳಾ ಸಹಾಯವಾಣಿ 181ಕ್ಕೋ ತುರ್ತು ಸಹಾಯದ 112ಕ್ಕೋ ಕರೆ ಮಾಡಿದರೆ ಆ ಒಂದು ಕರೆಯನ್ನಷ್ಟೇ ಅಳಿಸಿ. ಖಾಲಿ ಕಾಲ್ ಲಾಗ್ ಅನುಮಾನ ಹುಟ್ಟಿಸುತ್ತದೆ.

ಹೆಣ್ಣಿನ ಇಂಟರ್ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಂರಕ್ಷಣಾಧಿಕಾರಿಗೆ ದೂರು ಕೊಡುವಾಗಲೂ ಮೂಲ ಮೆಸೇಜು ಫೋನಿನಲ್ಲೇ ಇದ್ದರೆ ಒಳ್ಳೆಯದು. ಫ್ಯಾಕ್ಟರಿ ರೀಸೆಟ್ ಮಾಡಿ ಫೋನನ್ನು ಪೂರ್ತಿ ಅಳಿಸಿದರೆ ಸಾಕ್ಷ್ಯವೂ ಹೋಯಿತು. ಸುರಕ್ಷಿತ ಜಾಗ ಸೇರಿ, ಸಾಕ್ಷ್ಯ ತೆಗೆದಿಟ್ಟ ಮೇಲೆ ರೀಸೆಟ್ ಮಾಡಿ. ಆಗಲೂ ಹಳೆಯ ಬ್ಯಾಕಪ್ ಹಾಕಬೇಡಿ, ಅಳಿಸಿದ ಆ್ಯಪ್‌ಗಳು ಅದರ ಜೊತೆಗೇ ವಾಪಸ್ ಬರಬಹುದು.