ಮೊದಲು ಮೆಟ್ಟಿಲು, ಆಮೇಲೆ ಮಿಕ್ಕಿದ್ದು

ನಮ್ಮದು ಬೆಂಗಳೂರಿನಲ್ಲಿ 14 ಮಹಡಿಯ ಅಪಾರ್ಟ್‌ಮೆಂಟ್. ಸುರಕ್ಷತೆಯ ನಿಯಮ ತಿದ್ದುವ ಕೆಲಸವನ್ನು ಅಸೋಸಿಯೇಷನ್‌ನವರು ನನ್ನ ತಲೆಗೆ ಕಟ್ಟಿದಾಗ ಹಳೇ ಫೈಲ್ ತೆಗೆದು ನೋಡಿದೆ. ಸಾಕಿದ ನಾಯಿ ಯಾವ ಲಿಫ್ಟಿನಲ್ಲಿ ಹೋಗಬೇಕು ಅನ್ನೋದಕ್ಕೆ ಒಂದೂವರೆ ಪುಟ. ಬೆಂಕಿಗೆ ಎರಡೇ ಸಾಲು.

ನೀವೂ ಈ ಕೆಲಸಕ್ಕೆ ಕೈ ಹಾಕೋದಾದರೆ ಫೈಲ್ ಮುಚ್ಚಿಟ್ಟು, ಟೆರೇಸಿನಿಂದ ಮೆಟ್ಟಿಲಲ್ಲಿ ಇಳಿಯುತ್ತಾ ಕಂಡದ್ದನ್ನೆಲ್ಲ ಬರೆದುಕೊಳ್ಳಿ. ನನಗೆ ಕಂಡಿದ್ದು 11 ಚಪ್ಪಲಿ ಸ್ಟ್ಯಾಂಡ್, 4 ಸೈಕಲ್, ಒಂದು ತುಳಸಿ ಕುಂಡ. ಗಾಳಿ ಬರಲಿ ಅಂತ ಮೂರು ಕಡೆ ಮೆಟ್ಟಿಲಿಗೆ ಬೆಂಕಿ-ಹೊಗೆ ಬಾರದಂತೆ ತಡೆಯುವ ಫೈರ್ ಡೋರಿಗೆ ಇಟ್ಟಿಗೆ ಕೊಟ್ಟಿದ್ದರು. ಆ ಬಾಗಿಲು ತಾನಾಗೇ ಮುಚ್ಚಿಕೊಳ್ಳಬೇಕು. ಇಲ್ಲದಿದ್ದರೆ ಹೊಗೆ ನುಗ್ಗಿ, ಇಳಿಯುವ ದಾರಿಯೇ ಹೊಗೆಗೂಡು ಆಗಿಬಿಡುತ್ತದೆ.

ಟೆರೇಸ್ ಬಾಗಿಲಿಗೆ ಬೀಗ ಬೇರೆ. 'ಹುಡುಗರು ಸಿಗರೇಟು ಸೇದ್ತಾರೆ' ಅಂದರು. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್ ಅನ್ನೋ ಆಫೀಸು ಕಟ್ಟಡಕ್ಕೆ ಬೆಂಕಿ ಬಿದ್ದು 9 ಜನ ಸತ್ತರಲ್ಲ, ಅಲ್ಲೂ ಹೊರಹೋಗುವ ದಾರಿಗೆ ಬೀಗ ಇತ್ತು. ಹೊಗೆ ತಾಳಲಾರದೆ ಕೆಲವರು ಕಿಟಕಿಯಿಂದಲೇ ಹಾರಿದರು. ಸಭೆಯಲ್ಲಿ ಇಷ್ಟು ಹೇಳಿದ ಮೇಲೆ ಚರ್ಚೆ ಮುಗಿಯಿತು. ಒಳಗಿನಿಂದ ದೂಡಿದರೆ ತೆರೆಯುವ ಪ್ಯಾನಿಕ್ ಬಾರ್ ಹಾಕಿಸಿದೆವು. ಬಾಗಿಲು ತೆರೆದರೆ ಸೆಕ್ಯೂರಿಟಿಯವರ ಹತ್ತಿರ ಅಲಾರಂ ಹೊಡೆಯುತ್ತದೆ.

ಇನ್ನು ನಿಯಮ ಬರೆಯುವುದು. 'ಮೆಟ್ಟಿಲು ಖಾಲಿ ಇಡಿ' ಅನ್ನೋದು ಬರೀ ಬೋರ್ಡು. ಯಾರು, ಯಾವತ್ತು ನೋಡಬೇಕು ಅಂತ ಬರೆಯಿರಿ. ನಮ್ಮಲ್ಲಿ ಪ್ರತಿ ಶನಿವಾರ ಸೂಪರ್‌ವೈಸರ್ 14ರಿಂದ ಕೆಳಕ್ಕೆ ನಡೆಯಬೇಕು. ಸಿಕ್ಕಿದ ಸಾಮಾನು ಅವತ್ತೇ ಅಸೋಸಿಯೇಷನ್ ಆಫೀಸಿಗೆ. 200 ರೂಪಾಯಿ ಕೊಟ್ಟು ಬಿಡಿಸಿಕೊಳ್ಳಬೇಕು. ತುಳಸಿಗೆ ದಂಡ ಹಾಕಲು ಧೈರ್ಯ ಬರಲಿಲ್ಲ, ನಾನೇ ಹೊತ್ತು ಆ ಅಜ್ಜಿಯ ಬಾಲ್ಕನಿಯಲ್ಲಿಟ್ಟೆ.

ಬೆಂಕಿ ಆರಿಸಲು ನೀರು ದೂಡುವ ಫೈರ್ ಪಂಪಿನ ಪ್ಯಾನೆಲ್ 'ಆಟೋ'ದಲ್ಲಿರಬೇಕು. ನಮ್ಮದು 'ಆಫ್' ಇತ್ತು, ಎಷ್ಟು ದಿನದಿಂದಲೋ! ತಿಂಗಳಿಗೊಮ್ಮೆ ಮೇಲಿನ ಮಹಡಿಯ ಹೋಸ್ ರೀಲ್ (ಸುತ್ತಿಟ್ಟ ನೀರಿನ ಪೈಪು) ತೆರೆಯಿರಿ. ಯಾರೂ ಮುಟ್ಟದೆ ಪಂಪ್ ಶುರುವಾಗಬೇಕು. ಕರೆಂಟಿನ ವೈರುಗಳು ಹಾದುಹೋಗುವ ಎಲೆಕ್ಟ್ರಿಕಲ್ ಡಕ್ಟಿನಲ್ಲಿ ಪೊರಕೆ, ಪೇಂಟ್ ಡಬ್ಬ ಇದ್ದರೆ ಅವತ್ತೇ ತೆಗೆಸಿ.

ಅಣಕು ಡ್ರಿಲ್‌ನಲ್ಲಿ ಲಿಫ್ಟ್ ಬೇಡ. ಮಂಡಿನೋವಿನವರು, ಬಸುರಿಯರು, ವೀಲ್‌ಚೇರಿನವರು ಯಾವ ಫ್ಲಾಟಿನಲ್ಲಿದ್ದಾರೆ ಅನ್ನೋ ಪಟ್ಟಿ ಗೇಟಿನಲ್ಲಿರಲಿ. ಪಕ್ಕದಲ್ಲೇ ಅಗ್ನಿಶಾಮಕದವರ ನಂಬರ್ 101 ಮತ್ತು ತುರ್ತು ಸಹಾಯದ ನಂಬರ್ 112 ದಪ್ಪಗೆ ಬರೆದಿಡಿ. ಮೊದಲ ಸಲ ನಮ್ಮವರೆಲ್ಲ ಇಳಿಯಲು 22 ನಿಮಿಷ ತೆಗೆದುಕೊಂಡರು, ಎರಡನೇ ಸಲ 13. ಮುಂದಿನದು ರಾತ್ರಿ ಹೊತ್ತು ಇಡಬೇಕು. ಭಾನುವಾರ ಬೆಳಿಗ್ಗೆ ಹತ್ತಕ್ಕೆ, ತಿಂಡಿ ಆದ ಮೇಲೆ, ಎಲ್ಲರೂ ಚೆನ್ನಾಗೇ ಇಳಿಯುತ್ತಾರೆ.